ಹತ್ತು ಮೀಟರ್ ದೂರದ ಒಂದು ಮೇಣದಬತ್ತಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಈ ಸಲ ರಾತ್ರಿ ಆಕಾಶದ ಫೋಟೋ, ನೆಲಕ್ಕೆ ಪುಟ್ಟ ದೀಪದ ಬೆಳಕು

ಪ್ರಶ್ನೆ: ಚಂದ್ರ ಇಲ್ಲದ ರಾತ್ರಿಗಳಲ್ಲಿ ಆಕಾಶಗಂಗೆಯ ಫೋಟೋ ತೆಗೆಯುತ್ತೇನೆ. ಮುಂದೆ ಒಂದು ದೊಡ್ಡ ಬಂಡೆ ಇರುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾ, 20 ಎಂಎಂ ಲೆನ್ಸ್, ಎಫ್/2.8, 20 ಸೆಕೆಂಡ್, ಐಎಸ್‌ಒ 3200. ಆಕಾಶ ಚೆನ್ನಾಗಿ ಬರುತ್ತದೆ, ಬಂಡೆ ಮಾತ್ರ ಕಪ್ಪು ಮುದ್ದೆ. ಟಾರ್ಚ್ ಬಿಟ್ಟರೆ ನಡುವೆ ಬೆಳ್ಳಗೆ ಸುಟ್ಟ ಕಲೆ. ಅದೂ ಒಂದು ಫೋಟೋದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ‘ಸಣ್ಣ ಎಲ್‌ಇಡಿ ಲೈಟನ್ನು ಸ್ಟ್ಯಾಂಡ್ ಮೇಲೆ ಹಚ್ಚಿ ಬಿಟ್ಟುಬಿಡು’ ಎಂದು ಗೆಳೆಯರು ಹೇಳುತ್ತಾರೆ. ಎಷ್ಟು ಬೆಳಕು ಇಡಬೇಕು? ಎಲ್ಲಿ ಇಡಬೇಕು?

ಉತ್ತರ: ನಿಮ್ಮ ಸೆಟ್ಟಿಂಗ್‌ನಲ್ಲಿ ತಪ್ಪಿಲ್ಲ. ಟಾರ್ಚ್ ಹಿಡಿದ ಕೈಯದ್ದೂ ತಪ್ಪಿಲ್ಲ. ಈ ಕೆಲಸಕ್ಕೆ ಟಾರ್ಚ್ ಜಾಸ್ತಿಯಾಯಿತು, ಅಷ್ಟೇ. ಎಷ್ಟು ಜಾಸ್ತಿ ಅಂತ ಒಮ್ಮೆ ಲೆಕ್ಕ ಹಾಕಿಬಿಡೋಣ.

ನೀವು ಹೇಳಿದ ಸೆಟ್ಟಿಂಗ್‌ನಲ್ಲಿ ಬಂಡೆ ಹಗಲಿನ ಫೋಟೋದಷ್ಟು ಹದವಾಗಿ ಬರಬೇಕಾದರೆ ಅದರ ಮೇಲೆ ಬೀಳಬೇಕಾದ ಬೆಳಕು ಸುಮಾರು 0.03 ಲಕ್ಸ್. ಒಂದು ಮೇಣದಬತ್ತಿ ಒಂದು ಮೀಟರ್ ದೂರಕ್ಕೆ ಕೊಡುವ ಬೆಳಕು ಹೆಚ್ಚುಕಡಿಮೆ 1 ಲಕ್ಸ್. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಹತ್ತರಷ್ಟಾದರೆ ನೂರರಲ್ಲಿ ಒಂದು ಭಾಗಕ್ಕೆ. ಅಂದರೆ ಆರು ಮೀಟರ್ ದೂರದಲ್ಲಿ ಒಂದೇ ಒಂದು ಮೇಣದಬತ್ತಿ ಹಚ್ಚಿಟ್ಟರೂ ನಿಮ್ಮ ಬಂಡೆ ಹಗಲಿನ ಹಾಗೆ ಕಾಣುತ್ತದೆ! ಅಷ್ಟೂ ಬೇಡ. ರಾತ್ರಿಯ ಫೋಟೋ ರಾತ್ರಿಯ ಹಾಗೇ ಇರಬೇಕು ಅಲ್ವಾ? ಒಂದೂವರೆ ಸ್ಟಾಪ್ ಕಡಿಮೆ ಮಾಡಿ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ, ಒಂದು ಸ್ಟಾಪ್ ಜಾಸ್ತಿ ಅಂದರೆ ಎರಡರಷ್ಟು). ಆಗ ಲೆಕ್ಕ ಹತ್ತು ಮೀಟರ್ ದೂರದ ಒಂದು ಮೇಣದಬತ್ತಿಗೆ ಬಂದು ನಿಲ್ಲುತ್ತದೆ, 0.01 ಲಕ್ಸ್. ಈ ಒಂದು ಚಿತ್ರ ತಲೆಯಲ್ಲಿದ್ದರೆ ಸಾಕು, ಮಿಕ್ಕ ಅಂಕಿಗಳನ್ನು ಮರೆತರೂ ನಡೆಯುತ್ತದೆ.

ಈಗ ನಿಮ್ಮ ಟಾರ್ಚ್ ನೋಡಿ. ಜೇಬಿನಲ್ಲಿ ಹಿಡಿಯುವ ಟಾರ್ಚಿನ ನೇರ ಕಿರಣದ ತೀವ್ರತೆ ಸಾವಿರ ಕ್ಯಾಂಡೆಲಾ ದಾಟುವುದು ಮಾಮೂಲು. ಒಂದು ಮೇಣದಬತ್ತಿ ಅಂದರೆ ಸುಮಾರು 1 ಕ್ಯಾಂಡೆಲಾ. ನೀವು ಕೈಯಲ್ಲಿ ಸಾವಿರ ಮೇಣದಬತ್ತಿ ಹಿಡಿದುಕೊಂಡು, ಒಂದರ ಕೆಲಸ ಮಾಡಿಸಲು ಹೊರಟಿದ್ದೀರಿ. ಹತ್ತು ಮೀಟರ್‌ನಿಂದ ಆ ಕಿರಣ ಬಂಡೆಯ ಒಂದು ಜಾಗದ ಮೇಲೆ ಸೆಕೆಂಡಿನ ಹದಿನೈದನೇ ಒಂದು ಭಾಗ ನಿಂತರೆ ಅಲ್ಲಿಗೆ ಪೂರ್ತಿ ಎಕ್ಸ್‌ಪೋಷರ್ ಆಗಿಹೋಗುತ್ತದೆ. ಕೈ ಅಷ್ಟು ಹೊತ್ತು ತಡವಾಡಿದರೂ ಕಲೆ ಬಿತ್ತು ಅಂತಲೇ ಅರ್ಥ. ಪ್ರತಿ ಫೋಟೋ ಬೇರೆ ಬೇರೆ ಬರುವುದು ಇದಕ್ಕೇ.

ನಿಮ್ಮ ಗೆಳೆಯರು ಹೇಳಿದ್ದು ಸರಿ. ಡಿಮ್ಮರ್ ಇರುವ ಸಣ್ಣ ಎಲ್‌ಇಡಿ ಪ್ಯಾನೆಲ್ ಒಂದು ಅಥವಾ ಎರಡು, ಸ್ಟ್ಯಾಂಡ್ ಮೇಲೆ. ಹಚ್ಚಿದ ಮೇಲೆ ಮುಟ್ಟುವುದೇ ಬೇಡ. ಪೂರ್ತಿ ಬೆಳಕಿನಲ್ಲಿ 300 ಕ್ಯಾಂಡೆಲಾ ಕೊಡುವ ಪ್ಯಾನೆಲ್ ಅಂದುಕೊಳ್ಳಿ. ಶೇಕಡ 1ಕ್ಕೆ ಇಳಿಸಿದರೆ 3 ಕ್ಯಾಂಡೆಲಾ, ಮೂರು ಮೇಣದಬತ್ತಿ. ಹದಿನೇಳು ಮೀಟರ್ ದೂರ ಇಟ್ಟರೆ ನಮಗೆ ಬೇಕಾದ 0.01 ಲಕ್ಸ್ ಸಿಕ್ಕಿತು. ಅಷ್ಟು ಜಾಗ ಇಲ್ಲ ಅನ್ನಿ, ಪ್ಯಾನೆಲ್‌ಗೆ ತೆಳು ಬಿಳಿ ಬಟ್ಟೆ ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಬೆಳಕು ತಗ್ಗುತ್ತದೆ, ನೆರಳಿನ ಅಂಚೂ ಮೆತ್ತಗಾಗುತ್ತದೆ. ನಾನು ಈಗಲೂ ಒಂದು ಹಳೆಯ ಕರ್ಚೀಫನ್ನೇ ಕಟ್ಟುತ್ತೇನೆ. ಇದಕ್ಕಾಗಿಯೇ ತಯಾರಾದ ಡಿಫ್ಯೂಸರ್ ಬ್ಯಾಗಿನಲ್ಲೇ ಇದೆ, ಕತ್ತಲಲ್ಲಿ ಅದು ಯಾವತ್ತೂ ಕೈಗೆ ಸಿಗುವುದಿಲ್ಲ.

ಎಲ್ಲಿ ಇಡಬೇಕು ಅನ್ನುವುದು ಎಷ್ಟು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಎಲ್ಲರೂ ಮೊದಲು ಮಾಡುವುದು ದೀಪವನ್ನು ಬಂಡೆಯ ಹತ್ತಿರ ಇಡುವುದು. ಹಾಗೆ ಮಾಡಬೇಡಿ. ದೀಪದಿಂದ ಬಂಡೆಯ ಈಚೆ ತುದಿ 2 ಮೀಟರ್, ಆಚೆ ತುದಿ 8 ಮೀಟರ್ ಇದ್ದರೆ ಎರಡರ ನಡುವೆ ಬೆಳಕಿನ ವ್ಯತ್ಯಾಸ 16 ಪಟ್ಟು. ನಾಲ್ಕು ಸ್ಟಾಪ್. ಈಚೆ ಸುಟ್ಟಿರುತ್ತದೆ, ಆಚೆ ಕತ್ತಲು. ಅದೇ ದೀಪವನ್ನು ಹಿಂದಕ್ಕೆ ಒಯ್ದು ಈಚೆ ತುದಿ 20 ಮೀಟರ್, ಆಚೆ ತುದಿ 26 ಮೀಟರ್ ಆಗುವ ಹಾಗೆ ಇಡಿ. ವ್ಯತ್ಯಾಸ 1.7 ಪಟ್ಟು ಮಾತ್ರ, ಒಂದು ಸ್ಟಾಪೂ ಇಲ್ಲ. ಬಂಡೆ ಅದೇ, ದೀಪ ಅದೇ. ಬೆಳಕು ಸಾಲದೆ ಬಂದರೆ ಡಿಮ್ಮರ್ ಸ್ವಲ್ಪ ಏರಿಸಿ, ದೀಪವನ್ನು ಮಾತ್ರ ಮುಂದೆ ತರಬೇಡಿ.

ಇನ್ನು ದಿಕ್ಕು. ಕ್ಯಾಮೆರಾದ ಪಕ್ಕದಲ್ಲೇ ದೀಪ ಇಟ್ಟರೆ ಬಂಡೆ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಕ್ಯಾಮೆರಾ ನೋಡುವ ದಿಕ್ಕಿನಿಂದ 45 ಡಿಗ್ರಿಯಿಂದ 90 ಡಿಗ್ರಿಯಷ್ಟು ಪಕ್ಕಕ್ಕೆ ಇಡಿ. ಬಿರುಕು, ಉಬ್ಬು, ಹುಲ್ಲಿನ ಎಸಳು ಎಲ್ಲಕ್ಕೂ ನೆರಳು ಹುಟ್ಟುತ್ತದೆ. ಎರಡನೇ ದೀಪ ಇದ್ದರೆ ಇನ್ನೊಂದು ಪಕ್ಕದಲ್ಲಿ, ಮೊದಲನೆಯದರ ಅರ್ಧ ಅಥವಾ ಕಾಲು ಭಾಗ ಬೆಳಕಿಗೆ ಇಳಿಸಿ ಇಡಿ. ಎರಡೂ ಸಮ ಮಾಡಿದರೆ ಎರಡು ಕಡೆಗೂ ನೆರಳು ಬಿದ್ದು, ಯಾರೋ ಶೂಟಿಂಗ್ ಮಾಡಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

ಸ್ಟ್ಯಾಂಡನ್ನು ತಲೆಗಿಂತ ಮೇಲಕ್ಕೆ ಏರಿಸಿ. ದೀಪ ಕೆಳಗಿದ್ದರೆ ಅದರ ಪಕ್ಕದ ಹುಲ್ಲು ಮೊದಲು ಸುಟ್ಟು ಬಿಳಿಯಾಗುತ್ತದೆ, ಬಂಡೆಗೆ ಬೆಳಕು ಆಮೇಲೆ. ನೆಲಕ್ಕೆ ಚೆಲ್ಲುವ ಬೆಳಕನ್ನು ತಡೆಯಲು ಪ್ಯಾನೆಲ್‌ನ ಕೆಳಗಿನ ಅಂಚಿಗೆ ಅಂಗೈ ಅಗಲದ ಕಪ್ಪು ರಟ್ಟು ಅಂಟಿಸಿದರೆ ಸಾಕು. ಇದನ್ನು ಮಾಡಿ ನೋಡಿದವರು ಮತ್ತೆ ಬಿಡುವುದಿಲ್ಲ.

ಬೆಳಕು ಹದಕ್ಕೆ ಬಂದಿದೆಯಾ ಅಂತ ನೋಡುವಾಗ ಕಣ್ಣನ್ನು ನಂಬಬೇಡಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆಗಷ್ಟೇ ಫೋನ್ ನೋಡಿ ತಲೆ ಎತ್ತಿದ್ದರೆ ‘ದೀಪ ಹಚ್ಚಿದ್ದೀನಾ ಇಲ್ವಾ?’ ಅನ್ನಿಸುತ್ತದೆ. ಹಾಗೆ ಅನ್ನಿಸಿದರೆ ಹೆಚ್ಚಾಗಿ ಬೆಳಕು ಸರಿಯಾಗಿದೆ ಅಂತಲೇ. ಬಂಡೆ ಚೆನ್ನಾಗಿ ಬೆಳಗಿದೆ ಅಂತ ಕಂಡರೆ ಖಂಡಿತ ಜಾಸ್ತಿ. ಕ್ಯಾಮೆರಾದ ಸ್ಕ್ರೀನನ್ನೂ ನಂಬಬೇಡಿ. ಕತ್ತಲಲ್ಲಿ ಅದು ಎಷ್ಟು ಪ್ರಖರವಾಗಿ ಕಾಣುತ್ತದೆ ಅಂದರೆ ಎರಡು ಸ್ಟಾಪ್ ಕಮ್ಮಿ ಬಿದ್ದ ಫೋಟೋವೂ ಅಲ್ಲಿ ಸೊಗಸಾಗಿರುತ್ತದೆ. ಸ್ಕ್ರೀನಿನ ಬೆಳಕು ತಗ್ಗಿಸಿ, ಹಿಸ್ಟೋಗ್ರಾಮ್ ನೋಡಿ, ಅಂದರೆ ಫೋಟೋದ ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ ಗುಡ್ಡೆಯಾಗಿ ಕಾಣುವ ನಕ್ಷೆ. ಬಂಡೆಯ ಗುಡ್ಡೆ ಎಡದ ಗೋಡೆಗೆ ಅಂಟದೆ, ಆಕಾಶದ ಗುಡ್ಡೆಗಿಂತ ಚೂರು ಎಡಕ್ಕೋ ಅದರ ಜೊತೆಗೋ ಇದ್ದರೆ ಆಯಿತು. ನೆಲ ಆಕಾಶಕ್ಕಿಂತ ಬೆಳ್ಳಗಿದ್ದರೆ ಫೋಟೋ ಸುಳ್ಳು ಹೇಳುತ್ತಿದೆ ಅಂತ ನೋಡಿದವರಿಗೆ ಕಾರಣ ಗೊತ್ತಿಲ್ಲದೆಯೂ ಅನ್ನಿಸುತ್ತದೆ.

ಒಂದು ಸಣ್ಣ ಮಾತು. ಅಗ್ಗದ ಎಲ್‌ಇಡಿಗಳು ಮಂದ ಮಾಡಿದಾಗ ವೇಗವಾಗಿ ಆರಿ ಹತ್ತುತ್ತಿರುತ್ತವೆ, ವಿಡಿಯೊದಲ್ಲಿ ಮಿಣುಕುತ್ತವೆ. ನಿಮ್ಮ 20 ಸೆಕೆಂಡಿಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ದುಬಾರಿ ಲೈಟ್ ಬೇಕೇಬೇಕು ಅಂತೇನಿಲ್ಲ.

ಹೀಗೆ ದೀಪ ಒಂದೇ ಸಮ ಇರುವುದರಿಂದ ಸಿಗುವ ನಿಜವಾದ ಲಾಭ ಬೇರೆಯೇ ಇದೆ. ಈಗ ನಿಮ್ಮ ಹತ್ತು ಫೋಟೋಗಳಲ್ಲೂ ಬಂಡೆ ಒಂದೇ ತರಹ ಇರುತ್ತದೆ. ಹಾಗಾಗಿ ಅವುಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯಬಹುದು. 16 ಫೋಟೋ ಪೇರಿಸಿದರೆ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ಕಾಲು ಭಾಗಕ್ಕೆ ಇಳಿಯುತ್ತದೆ. ಆಕಾಶಗಂಗೆಯ ಪೂರ್ತಿ ಕಮಾನು ಬೇಕು ಅಂತ ಏಳೆಂಟು ಫೋಟೋ ಪಕ್ಕಪಕ್ಕ ಜೋಡಿಸಿದರೂ ಹೊಲಿಗೆ ಕಾಣುವುದಿಲ್ಲ. ಟಾರ್ಚ್ ಬೀಸಿ ಇದನ್ನು ಮಾಡಿಸಿ ನೋಡೋಣ!

ನಿಮ್ಮ 20 ಸೆಕೆಂಡಿನ ಬಗ್ಗೆಯೂ ಹೇಳಿಬಿಡುತ್ತೇನೆ, ನೀವು ಕೇಳಿಲ್ಲದಿದ್ದರೂ. 500ನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ನಕ್ಷತ್ರ ಗೆರೆಯಾಗದ ಸಮಯ ಸಿಗುತ್ತದೆ ಎಂಬ ಹಳೆಯ ನಿಯಮ ಇದೆ. 20 ಎಂಎಂಗೆ 25 ಸೆಕೆಂಡ್. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರ್ ಆದರೆ, 25 ಸೆಕೆಂಡಿನಲ್ಲಿ ಆಕಾಶದ ನಡುಪಟ್ಟಿಯ (ಭೂಮಧ್ಯರೇಖೆಯ ನೇರ ಮೇಲಿನ ಆಕಾಶದ) ನಕ್ಷತ್ರ ಆರು ಪಿಕ್ಸೆಲ್ ಓಡಿಬಿಟ್ಟಿರುತ್ತದೆ. ಫೋನಿನಲ್ಲಿ ನೋಡಲು ಪರವಾಗಿಲ್ಲ. ಗೋಡೆಗೆ ಹಾಕುವ ಪ್ರಿಂಟ್ ಬೇಕಾದರೆ 12 ಸೆಕೆಂಡಿಗೆ ಇಳಿಸಿ, ಹೆಚ್ಚು ಫೋಟೋ ಪೇರಿಸಿ. ದೀಪ ಒಂದೇ ಸಮ ಇದೆಯಲ್ಲ, ಈಗ ಅದು ಕಷ್ಟವಿಲ್ಲ.

ಪ್ರಶ್ನೆ: ಎಲ್‌ಇಡಿ ಹಚ್ಚಿ ತೆಗೆದರೆ ನೆಲ ಆಸ್ಪತ್ರೆಯ ಹಾಗೆ ನೀಲಿ. ವಾರ್ಮ್ ಲೈಟ್ ಹಚ್ಚಿದರೆ ಕಿತ್ತಳೆ. ಯಾವ ಬಣ್ಣ ಸರಿ?

ಉತ್ತರ: ಆಕಾಶಗಂಗೆಗೆ ಸಾಮಾನ್ಯವಾಗಿ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ಯಾವ ಬಣ್ಣದ ಬೆಳಕನ್ನು ಬಿಳಿ ಅಂತ ತಿಳಿಯಬೇಕು ಅನ್ನುವ ಸೆಟ್ಟಿಂಗ್) 4000 ಕೆಲ್ವಿನ್ ಆಚೀಚೆ ಇಡುತ್ತೇವೆ. ಕೆಲ್ವಿನ್ ಏರಿದಷ್ಟೂ ದೀಪದ ಬೆಳಕು ನೀಲಿ ಕಡೆಗೆ, ಇಳಿದಷ್ಟೂ ಕಿತ್ತಳೆ ಕಡೆಗೆ. ಹಾಗಿಟ್ಟಾಗ 5600 ಕೆಲ್ವಿನ್ನಿನ ಬಿಳಿ ಎಲ್‌ಇಡಿ ನೀಲಿಯಾಗಿಯೇ ಕಾಣಬೇಕು, ತಪ್ಪು ದೀಪದ್ದಲ್ಲ. 2700 ಕೆಲ್ವಿನ್ ಕಿತ್ತಳೆಯಾಗುತ್ತದೆ. ದೀಪವನ್ನೂ 4000ದ ಹತ್ತಿರ ತನ್ನಿ. ಬಣ್ಣ ಬದಲಿಸಲು ಬರುವ ಪ್ಯಾನೆಲ್ ಇದ್ದರೆ ಒಂದು ಗುಂಡಿಯ ಕೆಲಸ. ಇಲ್ಲದಿದ್ದರೆ ಬಿಳಿ ದೀಪಕ್ಕೆ ತಿಳಿ ಕಿತ್ತಳೆ ಜೆಲ್ ಹಾಳೆ (ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸುತ್ತಿ. ಕಡು ಬಣ್ಣದ್ದು ಬೇಡ, ಅದು 3200ಕ್ಕೆ ಇಳಿಸಿಬಿಡುತ್ತದೆ.

‘ಬೆಳದಿಂಗಳು ನೀಲಿ ತಾನೇ, ನೆಲ ನೀಲಿಯಾದರೆ ಏನು?’ ಅಂತ ಕೆಲವರು ಕೇಳುತ್ತಾರೆ. ಬೆಳದಿಂಗಳು ನೀಲಿಯಲ್ಲ. ಅದು ಚಂದ್ರನ ಮೇಲೆ ಬಿದ್ದು ಬರುವ ಬಿಸಿಲೇ, ಸುಮಾರು 4100 ಕೆಲ್ವಿನ್, ಬಿಸಿಲಿಗಿಂತ ಸ್ವಲ್ಪ ಹಳದಿ ಕಡೆಗೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುತ್ತದೆ. ಅದಕ್ಕೇ ಎಲ್ಲ ತಣ್ಣಗೆ ನೀಲಿಯಾಗಿ ಕಾಣುವುದು. ಅಂದಮೇಲೆ 4000ದ ದೀಪ ನೆಲವನ್ನು ಬೆಳದಿಂಗಳು ಬೆಳಗುವ ಬಣ್ಣದಲ್ಲೇ ಬೆಳಗುತ್ತದೆ. ನನಗೆ ಬಂಡೆ, ಮರಳಿಗೆ ಇನ್ನೂ ಒಂದು ಗುಲಗಂಜಿಯಷ್ಟು ಬೆಚ್ಚಗಿದ್ದರೆ ಇಷ್ಟ, 3600 ಹೀಗೆ. ಗಿಡಮರಕ್ಕೆ ಹಾಗೆ ಮಾಡಬೇಡಿ, ಎಲೆಯೆಲ್ಲ ಒಣಗಿದ ಹಾಗೆ ಕಾಣುತ್ತದೆ. ಎರಡು ದೀಪ ಇದ್ದರೆ ಎರಡೂ ಒಂದೇ ಬಣ್ಣ ಇರಲಿ. ಬೇರೆ ಬೇರೆ ಬಣ್ಣ ಬಂದರೆ ಆಮೇಲೆ ಕಂಪ್ಯೂಟರ್ ಮುಂದೆ ಕೂತು ಎಷ್ಟು ತಿದ್ದಿದರೂ ಮುಗಿಯುವುದಿಲ್ಲ. ಉಳಿದದ್ದಕ್ಕೆ ರಾ ಫೈಲ್ (ಬಣ್ಣವನ್ನು ಆಮೇಲೂ ತಿದ್ದಲು ಬರುವ ಕಚ್ಚಾ ಫೋಟೋ) ಇದೆ.

ಪ್ರಶ್ನೆ: ನಕ್ಷತ್ರಕ್ಕೆ ಫೋಕಸ್ ಮಾಡಿದರೆ ಮುಂದಿನ ಕಲ್ಲು ಮಸುಕು. ಕಲ್ಲಿಗೆ ಮಾಡಿದರೆ ನಕ್ಷತ್ರ ಉಂಡೆ ಉಂಡೆ. ನನ್ನದೂ 20 ಎಂಎಂ, ಎಫ್/2.8. ಕಲ್ಲು ಒಂದೂವರೆ ಮೀಟರ್ ದೂರದಲ್ಲಿದೆ.

ಉತ್ತರ: ಒಂದೇ ಫೋಟೋದಲ್ಲಿ ಎರಡೂ ಸಿಗುವುದಿಲ್ಲ, ಅದಕ್ಕಾಗಿ ಗುದ್ದಾಡಬೇಡಿ. ಆ ಲೆನ್ಸನ್ನು 4.8 ಮೀಟರ್‌ಗೆ ಫೋಕಸ್ ಮಾಡಿದರೆ ಲೆಕ್ಕದ ಪ್ರಕಾರ 2.4 ಮೀಟರ್‌ನಿಂದ ಅನಂತದವರೆಗೆ ‘ಸರಿ’ ಇರಬೇಕು. ನಿಮ್ಮ ಕಲ್ಲು ಅದಕ್ಕೂ ಈಚೆ ಇದೆ. ಮೇಲಾಗಿ ನಕ್ಷತ್ರ ಒಂದು ಚುಕ್ಕೆ, ಹೀಗೆ ಲೆಕ್ಕದಲ್ಲಿ ಪಾಸಾದ ಫೋಕಸ್ ಅದಕ್ಕೆ ಸಾಲುವುದಿಲ್ಲ.

ಎರಡು ಸಲ ತೆಗೆಯಿರಿ. ಮೊದಲು ಆಕಾಶ: ಲೈವ್ ವ್ಯೂನಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಫೋಕಸ್ ರಿಂಗನ್ನು ನಿಧಾನ ಆಚೆ ಈಚೆ ತಿರುಗಿಸಿ. ನಕ್ಷತ್ರ ಅತಿ ಚಿಕ್ಕದಾಗಿ, ಅದರ ಪಕ್ಕದಲ್ಲಿ ಅಲ್ಲಿಯವರೆಗೆ ಕಾಣದಿದ್ದ ಮಂಕು ನಕ್ಷತ್ರಗಳು ಇದ್ದಕ್ಕಿದ್ದಂತೆ ಕಾಣಿಸಿಕೊಂಡ ಕ್ಷಣವೇ ಸರಿಯಾದ ಜಾಗ. ಆಕಾಶದ ಫೋಟೋಗಳು ಮುಗಿದ ಮೇಲೆ ಟ್ರೈಪಾಡ್ ಅಲ್ಲಾಡಿಸದೆ ಕಲ್ಲಿಗೆ ಟಾರ್ಚ್ ಬಿಟ್ಟು ಅದಕ್ಕೆ ಫೋಕಸ್ ಮಾಡಿ. ಟಾರ್ಚ್ ಆರಿಸಿ. ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಫ್/5.6ಕ್ಕೆ ಇಳಿಸಿ, ಶಟರ್ 80 ಸೆಕೆಂಡ್ ಮಾಡಿ, ಐಎಸ್‌ಒ ಹಾಗೇ ಇರಲಿ. ಎರಡು ಸ್ಟಾಪ್ ಕಳೆದುಕೊಂಡಿದ್ದು ನಾಲ್ಕು ಪಟ್ಟು ಸಮಯದಲ್ಲಿ ವಾಪಸ್ ಬಂತು. ಬಹಳ ಕ್ಯಾಮೆರಾಗಳಲ್ಲಿ 30 ಸೆಕೆಂಡ್ ದಾಟಲು ಬಲ್ಬ್ ಮೋಡ್ (ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ ಸೆಟ್ಟಿಂಗ್) ಮತ್ತು ರಿಮೋಟ್ ಬೇಕಾಗುತ್ತದೆ. ಈ ಫೋಟೋದಲ್ಲಿ ನಕ್ಷತ್ರಗಳು ಗೆರೆಯಾಗಿರುತ್ತವೆ, ಇರಲಿ ಬಿಡಿ, ಇದರಿಂದ ನೆಲ ಮಾತ್ರ ತೆಗೆದುಕೊಳ್ಳುತ್ತೀರಿ. ಮಂಜು ಬೀಳುವ ರಾತ್ರಿಯಾದರೆ ಆಗಾಗ ಲೆನ್ಸಿನ ಗಾಜು ನೋಡುತ್ತಿರಿ. ಅರ್ಧ ಗಂಟೆಯ ಫೋಟೋಗಳೆಲ್ಲ ಹಬೆ ಹಿಡಿದ ಗಾಜಿನಲ್ಲಿ ತೆಗೆದದ್ದು ಅಂತ ಮನೆಗೆ ಬಂದ ಮೇಲೆ ಗೊತ್ತಾಗುವುದು ಬೇಡ.

ಪ್ರಶ್ನೆ: ದೀಪದ ರಗಳೆಯೇ ಬೇಡ, ಚಂದ್ರ ಇರುವಾಗ ತೆಗೆದರೆ ಆಗಲ್ವಾ?

ಉತ್ತರ: ಆಗುತ್ತದೆ. ಯಾವ ಚಂದ್ರ ಅನ್ನುವುದು ಮುಖ್ಯ. ಹುಣ್ಣಿಮೆ ಚಂದ್ರ ಮೇಲಿರುವಾಗ ನೆಲದ ಮೇಲೆ ಸುಮಾರು 0.25 ಲಕ್ಸ್ ಬೀಳುತ್ತದೆ. ಆಕಾಶಗಂಗೆಗೆ ಇಡುವ ಸೆಟ್ಟಿಂಗ್‌ಗೆ ಅದು ಮೂರು ಸ್ಟಾಪ್ ಜಾಸ್ತಿ, ಆಕಾಶವೂ ತೊಳೆದುಹೋಗುತ್ತದೆ. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ. ಓರೆಯಿಂದ ಬಿಸಿಲು ಬಿದ್ದಾಗ ಚಂದ್ರನ ನೆಲದ ಉಬ್ಬುತಗ್ಗುಗಳ ನೆರಳು ತುಂಬಾ ಬೆಳಕು ತಿಂದುಬಿಡುತ್ತದೆ. ಆ ಹತ್ತನೇ ಭಾಗ ನಿಮ್ಮ ನೆಲಕ್ಕೆ ಸರಿಯಾಗಿಯೇ ಸಾಕು, ಆಕಾಶಗಂಗೆ ಮಾತ್ರ ಸ್ವಲ್ಪ ಮಂಕು. ನನ್ನ ಆಯ್ಕೆ ಕೇಳಿದರೆ, ಮುಳುಗಲು ಹೊರಟ ತೆಳು ಚಂದ್ರ. ಓರೆ ಬೆಳಕು, ಉದ್ದ ನೆರಳು, ಬೆಚ್ಚನೆ ಬಣ್ಣ. ಅದರಲ್ಲಿ ನೆಲ ತೆಗೆದುಕೊಂಡು, ಚಂದ್ರ ಮುಳುಗಿದ ಮೇಲೆ ಅದೇ ಜಾಗದಿಂದ ಆಕಾಶ ತೆಗೆಯಿರಿ. ಇಡೀ ಬೆಟ್ಟಸಾಲನ್ನು ಬೆಳಗಲು ಯಾವ ಪ್ಯಾನೆಲ್‌ನಿಂದಲೂ ಆಗದು, ಅಲ್ಲಿ ಚಂದ್ರನೇ ಗತಿ.

ಪ್ರಶ್ನೆ: ಮೊನ್ನೆ ದೀಪ ಹಚ್ಚಿದಾಗ ಪಕ್ಕದಲ್ಲಿದ್ದ ಇನ್ನೊಬ್ಬರು ಜಗಳಕ್ಕೇ ಬಂದರು. ಇಷ್ಟು ಮಂದ ದೀಪದಿಂದ ಯಾರಿಗೆ ಏನು ತೊಂದರೆ?

ಉತ್ತರ: ಅವರ ಕಡೆಯೇ ನ್ಯಾಯ ಇರಬಹುದು. ನಿಮ್ಮ ಹತ್ತು ಮೀಟರ್‌ನ ಮೇಣದಬತ್ತಿ ನಿಮ್ಮ ಬಂಡೆಗೆ ಹದ ಅಂದರೆ, ಅವರ ಫ್ರೇಮಿನಲ್ಲಿರುವ ಮರಕ್ಕೂ ಅಷ್ಟೇ ಬೀಳುತ್ತಿದೆ. ಅವರಿಗೆ ಆ ಮರ ಕಪ್ಪಗೇ ಬೇಕಿತ್ತೇನೋ. ದೀಪ ನೇರ ಅವರ ಲೆನ್ಸ್ ಕಡೆ ಕಂಡರಂತೂ ಕಥೆ ಮುಗಿಯಿತು.

ಮನುಷ್ಯರಾದರೆ ಜಗಳವಾಡುತ್ತಾರೆ. ಸಮುದ್ರ ತೀರದಲ್ಲಿ ಮೊಟ್ಟೆಯೊಡೆದು ಬಂದ ಆಮೆ ಮರಿ ಜಗಳವಾಡುವುದಿಲ್ಲ. ಅದು ಬೆಳಕು ಹೆಚ್ಚಿರುವ ಕಡೆಯೇ ಸಮುದ್ರ ಅಂತ ನಂಬಿ ಹೊರಡುತ್ತದೆ. ದೀಪ ದಡದ ಮೇಲಿದ್ದರೆ ದಡದ ಮೇಲಕ್ಕೇ ಹೋಗುತ್ತದೆ. ಆಮೆಗಳು ಮೊಟ್ಟೆಯಿಡುವ ತೀರದಲ್ಲಿ ಆ ಕಾಲದಲ್ಲಿ ದೀಪವೇ ಬೇಡ, ಮಂದವೂ ಬೇಡ. ಗೂಡು, ನಿದ್ದೆಯಲ್ಲಿರುವ ಪ್ರಾಣಿ ಕಂಡರೂ ಅಷ್ಟೇ. ಬಿಳಿ-ನೀಲಿ ದೀಪಕ್ಕೆ ಹುಳುಗಳೂ ಜಾಸ್ತಿ ಮುತ್ತುತ್ತವೆ, ಬೆಚ್ಚನೆ ಬಣ್ಣ ಇಟ್ಟುಕೊಳ್ಳಲು ಇದು ಇನ್ನೊಂದು ಕಾರಣ.

ಜಾಗದ ನಿಯಮವನ್ನೂ ಮೊದಲೇ ಕೇಳಿಕೊಳ್ಳಿ. 2007ರಲ್ಲಿ ಅಮೆರಿಕದ ಯೂಟಾದಲ್ಲಿರುವ ನ್ಯಾಚುರಲ್ ಬ್ರಿಡ್ಜಸ್‌ಗೆ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಗುರುತು ಸಿಕ್ಕಿತು. ಅಲ್ಲಿಂದೀಚೆಗೆ ಇಂಥ ಜಾಗಗಳು ಹೆಚ್ಚುತ್ತಿವೆ. ಅಲ್ಲಿ ಕತ್ತಲೆಯೇ ಕಾಪಾಡುವ ವಸ್ತು. ಅಮೆರಿಕದ ಕೆಲವು ರಾಷ್ಟ್ರೀಯ ಉದ್ಯಾನಗಳಲ್ಲಿ ಫೋಟೋಗಾಗಿ ಬಂಡೆಗಳಿಗೆ ಬೆಳಕು ಬಿಡುವುದಕ್ಕೇ ನಿರ್ಬಂಧ ಇದೆ. ‘ನಂದು ಮಂದ ದೀಪ’ ಅಂದರೆ ಅಲ್ಲಿ ಕೇಳುವುದಿಲ್ಲ.

ಈ ವಿಷಯದಲ್ಲಿ ನಾನೇನು ಸಾಚಾ ಅಲ್ಲ. ಒಂದು ರಾತ್ರಿ ನನ್ನ ಕೆಲಸ ಮುಗಿಸಿ, ಕ್ಯಾಮೆರಾ ಕಳಚಿಕೊಂಡು, ಇನ್ನೊಂದು ಕೋನ ಹುಡುಕುತ್ತಾ ಗುಡ್ಡದ ಆಚೆ ಬದಿಗೆ ಹೋಗಿಬಿಟ್ಟೆ. ಎರಡನೇ ದೀಪ ಪೊದೆಯ ಹಿಂದೆ ಉರಿಯುತ್ತಲೇ ಇತ್ತು. ಶೇಕಡ 1ಕ್ಕೆ ಇಳಿಸಿದ್ದೆ, ಕರ್ಚೀಫ್ ಬೇರೆ ಕಟ್ಟಿದ್ದೆ, ದೂರದಿಂದ ನನ್ನ ಕಣ್ಣಿಗೇ ಕಾಣಲಿಲ್ಲ. ವಾಪಸ್ ಬರುವಾಗ ಕೆಳಗೆ ಒಬ್ಬರು ನಕ್ಷತ್ರದ ಗೆರೆಗಳಿಗಾಗಿ ಎರಡು ಗಂಟೆಯಿಂದ ಕ್ಯಾಮೆರಾ ಇಟ್ಟು ಕೂತಿದ್ದರು. ‘ಆ ಪೊದೆ ಯಾಕೆ ಹೊಳೀತಿದೆ ಅಂತ ಆಗಿನಿಂದ ಯೋಚನೆ ಮಾಡ್ತಿದ್ದೆ ಸರ್’ ಅಂದರು. ಬೈಯಲೂ ಇಲ್ಲ. ಅಂದಿನಿಂದ ಎರಡು ಸ್ಟ್ಯಾಂಡಿನ ಕಾಲಿಗೂ ಹೊಳೆಯುವ ಟೇಪ್ ಸುತ್ತಿದ್ದೇನೆ, ಹೆಡ್‌ಲ್ಯಾಂಪಿನ ಕೆಂಪು ಬೆಳಕು ತಾಗಿದರೆ ಸಾಕು, ಎಲ್ಲಿದೆ ಅಂತ ಗೊತ್ತಾಗುತ್ತದೆ. ಹಚ್ಚುವ ಮೊದಲು ಕತ್ತಲ ಕಡೆ ತಿರುಗಿ ‘ದೀಪ ಹಚ್ಚಲಾ?’ ಅಂತ ಒಂದು ಸಲ ಗಟ್ಟಿಯಾಗಿ ಕೇಳುತ್ತೇನೆ. ಹೆಚ್ಚಿನ ಸಲ ಉತ್ತರ ಬರುವುದಿಲ್ಲ. ಒಮ್ಮೆ ‘ಐದು ನಿಮಿಷ ತಡೀರಿ’ ಅಂತ ಬಂತು, ಅದೂ ನಾನು ಯಾರೂ ಇಲ್ಲ ಅಂದುಕೊಂಡಿದ್ದ ಕಡೆಯಿಂದ.